ಬಿಚ್ಚಿಟ್ಟ ಕಾಲುಗಳು

ಕೃತಕ ಕಾಲು ಮಾಡುವುದೇ ಕಸುಬಾದ್ದರಿಂದ ಜೊತೆಯವರು ಅವನಿಗೆ ಇಟ್ಟ ಹೆಸರು ಕಾಲಪ್ಪ. ಇಪ್ಪತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಕೆಲಸ ಮಾಡಿದವನು ಮೊದಲ ಸಲ ವಿಮಾನ ಹತ್ತಿದ್ದು ಅಕ್ಕನ ಬಲವಂತಕ್ಕೆ. ಅಕ್ಕ ಆಸ್ಪತ್ರೆಯಲ್ಲಿ ರೋಗಿಗಳಿಗೆ ನಡೆಯುವುದನ್ನು ಕಲಿಸುವವಳು. ಪರದೇಶದ ಈ ನದಿದಂಡೆಯ ಊರಿಗೆ ಎರಡು ಸಲ ಸೇವೆಗೆ ಬಂದುಹೋಗಿದ್ದಳು. "ಹತ್ತೇ ದಿನ ಕಣೋ. ಮಾತೆಲ್ಲ ನಾನಾಡ್ತೀನಿ, ನೀನು ಸ್ಕ್ರೂ ತಿರುಗಿಸು ಸಾಕು," ಎಂದಿದ್ದಳು.

ಬಂದಮೇಲೆ ಒಂದೂ ಎಣಿಸಿದಂತೆ ನಡೆಯಲಿಲ್ಲ. ಹೊಸ ಮಂಡಿಕೀಲುಗಳಿದ್ದ ಪೆಟ್ಟಿಗೆ ಸುಂಕದ ಕಚೇರಿಯಲ್ಲಿ ಸಿಕ್ಕಿಬಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಅದನ್ನು ಬಿಡಿಸಿಕೊಂಡು ಬರಲು ವ್ಯಾನಿನಲ್ಲಿ ಸೇತುವೆ ದಾಟಿ ಹೋದಳು. ಅಷ್ಟರೊಳಗೆ ರೋಗಿಗಳ ಹಳೆಯ ಕಾಲಿನ ಕೀಲುಗಳನ್ನೇ ತೊಳೆದು, ತೊಡೆಗೆ ಕೂರುವ ಹೊಸ ಬಟ್ಟಲಿಗೆ ಕೂರಿಸೋಣ ಎಂಬುದು ಕಾಲಪ್ಪನ ಲೆಕ್ಕಾಚಾರ. "ಒಂದೊಂದೇ ಬಿಚ್ಚು, ಎಲ್ಲ ಒಟ್ಟಿಗೆ ಬಿಚ್ಚಬೇಡ," ಎಂದು ಹೋಗುವಾಗ ಅಕ್ಕ ಹೇಳಿದ್ದಳು. ಅವನು ಅವತ್ತು ಬಂದಿದ್ದ ಆರು ಜನರ ಕಾಲನ್ನೂ ಬಿಚ್ಚಿದ. ಕೀಲು, ಕೊಳವೆ, ಪಾದ, ಬಟ್ಟಲು, ಎಲ್ಲದಕ್ಕೂ ಸೀಮೆಸುಣ್ಣದಲ್ಲಿ ನಂಬರು ಹಾಕಿ ಶಿಬಿರ ನಡೆಯುತ್ತಿದ್ದ ಶಾಲೆಯ ಹಾಲಿನ ನೆಲದ ಮೇಲೆ ಹರವಿಟ್ಟ. ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದ ಆರು ಮಂದಿಗೂ ಈಗ ಒಂದೊಂದೇ ಕಾಲು.

ಹನ್ನೊಂದು ಗಂಟೆಗೆ ಸೈರನ್ ಕೂಗಿತು. ಯಾವುದೋ ಕಾರ್ಖಾನೆಯ ಪಾಳಿ ಬದಲಾಯಿತೆಂದು ಕಾಲಪ್ಪ ತಲೆ ಎತ್ತಲಿಲ್ಲ. ಆದರೆ ಅದು ನಿಲ್ಲಲೇ ಇಲ್ಲ. ಬೆಂಚಿನ ಮೇಲಿನ ಮಾತು ಮಾತ್ರ ನಿಂತುಹೋಯಿತು.

ಆರು ಮಂದಿಯಲ್ಲಿ ಒಬ್ಬಳು ಟೀಚರು. ಅವಳ ಹರಕು ಇಂಗ್ಲಿಷೂ ಇವನ ಮುರುಕು ಇಂಗ್ಲಿಷೂ ಸೇರಿದರೆ ಒಂದು ವಾಕ್ಯವಾಗುತ್ತಿತ್ತು. "ಅಣೆಕಟ್ಟು," ಎಂದಳು. "ನೀರು ಬರತ್ತೆ."

"ಎಷ್ಟು ಹೊತ್ತಿಗೆ?"

"ಎರಡು ಗಂಟೆ ಆಗಬಹುದು. ಅರ್ಧ ಗಂಟೇಲೂ ಬರಬಹುದು. ಗೊತ್ತಿಲ್ಲ."

ಕಾಲಪ್ಪನಿಗೆ ಈಜು ಬಾರದು. ಬಾವಿಯ ಕಟ್ಟೆಯಿಂದ ಕೂಡ ಮಾರು ದೂರ ನಿಲ್ಲುವವನು. ಅಕ್ಕನಿಗೆ ಫೋನ್ ಮಾಡಿದ. "ಸೇತುವೆ ಮುಚ್ಚಿಬಿಟ್ರು ಕಣೋ, ಈ ಕಡೆ ಸಿಕ್ಕಿಹಾಕ್ಕೊಂಡೆ. ಎಲ್ಲರನ್ನೂ ಮಾಳಿಗೆಗೆ ಹತ್ತಿಸು. ಕೇಳಿಸ್ತಾ? ಮಾಳಿಗೆಗೆ..." ಅಲ್ಲಿಗೆ ದನಿ ಕಡಿಯಿತು. ಮತ್ತೆ ಹತ್ತು ಸಲ ಒತ್ತಿದರೂ ತಗಲಲಿಲ್ಲ.

ಗೇಟಿನ ಮುಂದೆ ಒಂದು ಲಾರಿ ನಿಂತಿತು. ಹಿಂದೆ ಜನ ಕಿಕ್ಕಿರಿದಿದ್ದರು. ಡ್ರೈವರು ಕಾಲಪ್ಪನನ್ನು ನೋಡಿ ಕೈಬೀಸಿ ಕೂಗಿದ. ಒಬ್ಬ ನಿಲ್ಲುವಷ್ಟು ಜಾಗವಿತ್ತು. ಕಾಲಪ್ಪ ಓಡಿದ. ಓಡಿ ಲಾರಿಯ ಹಲಗೆಯ ಮೇಲೆ ಕೈಯಿಟ್ಟ. ಕಾಲಿಗೆ ಬುದ್ಧಿ ಹೇಳುವುದೆಂದರೇನೆಂದು ಅವನಿಗೆ ತಿಳಿದದ್ದು ಆಗ: ಬುದ್ಧಿ ಹೇಳದೆಯೇ ಕಾಲು ಅಷ್ಟು ದೂರ ಬಂದುಬಿಟ್ಟಿತ್ತು. ಹಿಂತಿರುಗಿ ನೋಡಿದ. ಹಾಲಿನ ಬಾಗಿಲಲ್ಲಿ ಟೀಚರು ಚೌಕಟ್ಟು ಹಿಡಿದು ಒಂಟಿಗಾಲಲ್ಲಿ ನಿಂತಿದ್ದಳು. ಅವನು ಹತ್ತಲೋ ಬೇಡವೋ ಎನ್ನುವಷ್ಟರಲ್ಲಿ ಲಾರಿ ಹೊರಟೇ ಹೋಯಿತು. ಅವರಿಗಾಗಿ ಅವನು ಉಳಿದನೆಂದು ಆಮೇಲೆ ಜನ ಹೊಗಳಿದರು. ಹತ್ತುತ್ತಿದ್ದೆನೋ ಇಲ್ಲವೋ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಒಳಗೆ ಬಂದು ಟೀಚರನ್ನು ಎತ್ತಿಕೊಳ್ಳಲು ಬಗ್ಗಿದ. ಅವಳು ಅವನ ಕೈ ತಳ್ಳಿದಳು. "ನಮ್ಮನ್ನ ಬಿಡಿ. ನಮ್ಮ ಕಾಲು ತನ್ನಿ."

ಆರೂ ಜನ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಅಂಗೈ ಊರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರತೊಡಗಿದರು. ಕಾಲು ಹೋದ ಹೊಸತರಲ್ಲಿ ಅವರೆಲ್ಲ ಮನೆ ಸುತ್ತಿದ್ದು ಹೀಗೆಯೇ. ಇಪ್ಪತ್ತೆರಡು ಮೆಟ್ಟಿಲು. ಕಾಲಪ್ಪ ಗಾರೆ ಕಲಸುವ ಬಕೆಟ್ಟುಗಳಿಗೆ ಕೀಲು, ಕೊಳವೆಗಳನ್ನು ತುಂಬಿ ಅವರನ್ನು ದಾಟಿ ಓಡಿದ, ಇಳಿದ, ಮತ್ತೆ ತುಂಬಿದ.

ಮೂರನೆಯ ಸಲ ಇಳಿದಾಗ ನೀರು ಬಂದಿತ್ತು. ಬಾಗಿಲಿನಿಂದ ಬರುವುದೆಂದು ಕಾದಿದ್ದ. ಅದು ಬಚ್ಚಲಿನ ತೂತಿನಿಂದ ಕುದಿಯುವ ಕಾಫಿಯಂತೆ ಉಕ್ಕುತ್ತಿತ್ತು. ಕೊನೆಯ ಬಕೆಟ್ಟು ಎತ್ತುವಷ್ಟರಲ್ಲಿ ಬಾಗಿಲೂ ಕಿತ್ತುಬಂತು. ನೀರು ಮೊಣಕಾಲಿಗೆ, ನೋಡನೋಡುತ್ತ ಸೊಂಟಕ್ಕೆ ಏರಿತು. ಬೆಂಚೊಂದು ತೇಲಿಬಂದು ಪಕ್ಕೆಗೆ ಬಡಿಯಿತು, ಬಕೆಟ್ಟು ಮಗುಚಿತು. ಕಾಲಪ್ಪ ಹುಚ್ಚನಂತೆ ಕೆಸರುನೀರಿನಲ್ಲಿ ಕೈಯಾಡಿಸಿದ. ಕಾಲು ಜಾರಿತು, ನೆಲ ಸಿಗಲಿಲ್ಲ. ಬಾಯಿಗೆ ಮಣ್ಣಿನ ರುಚಿ ಬಂತು, ಆಮೇಲೆ ಕಣ್ಣಿಗೂ ನೀರೇ. ಅಕ್ಕಾ ಎಂದು ಕೂಗಿದ್ದು ಗುಳುಗುಳು ಎಂದಷ್ಟೇ ಕೇಳಿಸಿತು.

ಯಾರೋ ಅವನ ಕತ್ತಿನ ಪಟ್ಟಿ ಹಿಡಿದರು. ಆರು ಮಂದಿಯಲ್ಲಿ ಒಬ್ಬನಾದ ಬ್ರೆಡ್ಡಿನ ಭಟ್ಟಿಯ ಮುದುಕ. ಅರ್ಧದಷ್ಟು ಮೆಟ್ಟಿಲು ಏರಿದ್ದವನು ಜಾರಿ ಜಾರಿ ಕೆಳಗೆ ಬಂದು, ಒಂದು ಕೈಯಲ್ಲಿ ಕಂಬಿ ಹಿಡಿದು, ನಲವತ್ತು ವರ್ಷ ಹಿಟ್ಟು ನಾದಿದ ಇನ್ನೊಂದು ಕೈಯಿಂದ ಇವನನ್ನು ಒದ್ದೆ ಗೋಣಿಯ ಹಾಗೆ ಮೆಟ್ಟಿಲ ಮೇಲಕ್ಕೆ ಎಳೆದುಹಾಕಿದ.

ಹೋದದ್ದು ಆರನೇ ನಂಬರಿನ ಕೀಲು. ಮುದುಕನದೇ. ಕಾಲಪ್ಪ ಕೆಮ್ಮುತ್ತ, ಅಳುತ್ತ, ಆರು ಬೆರಳು ತೋರಿಸಿದ. ಮುದುಕ ಏನೋ ಹೇಳಿದ್ದನ್ನು ಟೀಚರು ತಿಳಿಸಿದಳು: "ಹೋಗ್ಲಿ ಬಿಡಿ ಅಂತಾನೆ. ಅದು ಅವನಿಗಿಂತ ಜಾಸ್ತಿ ನರಳ್ತಿತ್ತಂತೆ."

ಮಾಳಿಗೆಯ ಮೇಲೆ ನೆರಳಿಲ್ಲ. ಕೆಳಗೆ ರಸ್ತೆಯಿದ್ದ ಕಡೆ ಕಂದು ನೀರು. ಬಾಗಿಲು ತೆರೆದ ಫ್ರಿಜ್ಜೊಂದು ತಿರುಗುತ್ತ ಹೋಯಿತು. ಮರದ ದಿಮ್ಮಿ ಬಂದು ಗೋಡೆಗೆ ಗುದ್ದಿದಾಗಲೆಲ್ಲ ಕಟ್ಟಡ ನಡುಗುತ್ತಿತ್ತು. ಕಾಲಪ್ಪ ಸ್ಕ್ರೂ ಕೂರಿಸಲು ಕೂತ. ಕೈ ನಿಲ್ಲಲಿಲ್ಲ, ಮೊದಲ ಸ್ಕ್ರೂ ಮೂರು ಸಲ ಉರುಳಿತು. ಟೀಚರು ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಅವಳ ಕೈಯೂ ನಡುಗುತ್ತಿತ್ತು. ಆದರೂ ಎರಡು ನಡುಕ ಸೇರಿ ಹೇಗೋ ಸ್ಕ್ರೂ ಕೂತಿತು. ಸಂಜೆಯ ಹೊತ್ತಿಗೆ ಐದು ಕಾಲುಗಳು ತಯಾರಾದವು. ನೀರು ಹದಿನೇಳನೆಯ ಮೆಟ್ಟಿಲಿಗೆ ಬಂದು ನಿಂತಿತ್ತು.

ದೋಣಿಯವರು ಗೋಡೆಗೆ ಏಣಿ ಒರಗಿಸಿದರು. ಐವರು ತಮ್ಮ ತಮ್ಮ ಕಾಲಿನ ಮೇಲೆ, ನಿಧಾನವಾಗಿ, ತಾವೇ ಇಳಿದರು. ಮುದುಕನನ್ನು ಕಾಲಪ್ಪ ಬೆನ್ನಿಗೆ ಕಟ್ಟಿಕೊಂಡ. ಏಣಿಯ ಕೆಳಗೆ ಸುಳಿಯುವ ನೀರು ಕಂಡು ಮೊದಲ ಮೆಟ್ಟಿಲಲ್ಲೇ ಅವನು ಏಣಿಯನ್ನು ಅಪ್ಪಿಕೊಂಡು ನಿಂತುಬಿಟ್ಟ. ಮುದುಕ ತನ್ನ ಒರಟು ಅಂಗೈಯಿಂದ ಅವನ ಕಣ್ಣು ಮುಚ್ಚಿದ. ಆಮೇಲೆ ಒಂದೊಂದು ಮೆಟ್ಟಿಲಿಗೂ ಹೆಗಲು ತಟ್ಟುತ್ತ ಹೋದ. ತಟ್ಟಿದಾಗ ಕಾಲಪ್ಪ ಕಾಲಿಡುತ್ತಿದ್ದ.

ಆಚೆ ದಡದಲ್ಲಿ ಅಕ್ಕ ನಿಂತಿದ್ದಳು. ಬೈಯಲು ಬಾಯಿ ತೆರೆದವಳು, ಸೆರಗಿನಿಂದ ಅವನ ಕಿವಿಯ ಕೆಸರು ಒರೆಸಿ, ತನ್ನ ಫೋನು ಕೊಟ್ಟಳು. ಅತ್ತ ಕಡೆ ಅವನ ಹೆಂಡತಿ, ಏನೂ ತಿಳಿಯದವಳು.

"ಊಟ ಆಯ್ತಾ?" ಎಂದಳು.

ಕಾಲಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಾಕ್ರೀ? ಏನಾಯ್ತು?"

"ಹೆದರಿಕೊಂಡಿದ್ದೆ ಕಣೇ," ಎಂದ. "ಇನ್ನೂ ಹೆದರಿಕೆ ಹೋಗಿಲ್ಲ."

"ಫೋನ್ ಇಡಬೇಡಿ," ಎಂದಳು. "ಮಾತಾಡದೇ ಇದ್ರೂ ಪರವಾಗಿಲ್ಲ."