ಮೆಟ್ಟಿಲಿಲ್ಲದ ಮನೆ

ಬೆಳಗಾದರೆ ಅಮ್ಮ ಬಟ್ಟೆ ಬಿಸಿಮಾಡಿ ಅಪ್ಪನ ಸೊಂಟಕ್ಕೆ ಶಾಖ ಕೊಡಬೇಕು. ಎಂಟು ವರ್ಷದಿಂದ ಆ ಮನೆಯ ದಿನ ಶುರುವಾಗುವುದೇ ಹಾಗೆ. ಅಂದು ಮಾತ್ರ ಮಗಳು ಅಡುಗೆಮನೆಗೂ ಬಾಗಿಲಿಗೂ ಹತ್ತು ಸಲ ಓಡಾಡಿದಳು. ನಿಂತಲ್ಲಿ ನಿಲ್ಲದವಳೆಂದೇ ಅವಳಿಗೆ ಬುಗುರಿ ಎಂಬ ಹೆಸರು ಬಿದ್ದಿತ್ತು. ರಂಗಮಂದಿರದಲ್ಲಿ ಅದು ಅವಳ ಕೆಲಸದ ಮೊದಲ ದಿನ. ಮುಖಕ್ಕೆ ಬಣ್ಣ ಹಚ್ಚುವ ಕೆಲಸವಲ್ಲ. ಪರದೆ, ಹಗ್ಗ, ಲೈಟು ನೋಡಿಕೊಳ್ಳುವ ತೆರೆಮರೆಯ ಕೆಲಸ.

ಅಪ್ಪನೂ ಹಿಂದೆ ಅದೇ ಕೆಲಸದವನು. ಈಗ ವೇದಿಕೆಯ ಹಿಂದಿನ ಮೂಲೆಯಲ್ಲಿ ಕೂತು ಹರಿದ ಪರದೆ ಹೊಲಿಯುತ್ತಾನೆ. ಆ ಕೂರುವ ಕೆಲಸ ಕೊಟ್ಟವನು ಅವನ ಅಣ್ಣ, ಅಲ್ಲಿನ ಮೇಸ್ತ್ರಿ. ಸೊಂಟ ಮುರಿದದ್ದು ಹೇಗೆಂದು ಯಾರು ಕೇಳಿದರೂ ಒಂದೇ ಉತ್ತರ: ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದ. ಹಾಗೆ ಹೇಳಬೇಕೆಂದು ಕಲಿಸಿದವನೂ ಆ ಅಣ್ಣನೇ. ಓದುಗರು ಆ ಮನೆಯನ್ನೊಮ್ಮೆ ನೋಡಬೇಕಿತ್ತು. ನೆಲಕ್ಕಂಟಿದ ಎರಡು ಕೋಣೆ, ಹೊಸ್ತಿಲು ದಾಟಿದರೆ ರಸ್ತೆ. ಮೆಟ್ಟಿಲೆಂಬುದು ಹೆಸರಿಗೂ ಇಲ್ಲ! ಚಿಕ್ಕವಳಿದ್ದಾಗ ಬುಗುರಿ ಯಾವ ಮೆಟ್ಟಿಲೆಂದು ಕೇಳಿ ಅಮ್ಮನಿಂದ ಬೆನ್ನಿಗೆ ಗುದ್ದು ತಿಂದಿದ್ದಳು.

ಹೊರಡುವಾಗಲೂ ಅಮ್ಮನದು ಅದೇ ಭಯ. ದೊಡ್ಡಪ್ಪನಿಗೆ ಎದುರಾಡಬೇಡ, ಅಪ್ಪನ ಕೆಲಸವೂ ಅವರ ಕೈಯಲ್ಲೇ ಇದೆ ಎಂದು ಮೂರು ಸಲ ಹೇಳಿದಳು.

ಆ ರಂಗಮಂದಿರದ್ದೊಂದು ರೂಢಿ. ವೇದಿಕೆಯ ಮೇಲೆ ಐದಾಳೆತ್ತರದಲ್ಲಿ ಲೈಟು ಕಟ್ಟುವ ಕಬ್ಬಿಣದ ತೊಲೆಗಳಿವೆ. ಅಲ್ಲಿಗೆ ಏರುವವರು ಬೀಳದಂತೆ ಸೊಂಟಕ್ಕೆ ಕೊಕ್ಕೆಯ ಬೆಲ್ಟು ಕಟ್ಟುವಂತಿಲ್ಲ. ಕಟ್ಟಿದವನಿಗೆ ರಂಗದ ಮೇಲೆ ನಂಬಿಕೆಯಿಲ್ಲವಂತೆ, ಅವನು ನಮ್ಮವನಲ್ಲವಂತೆ. ಬೆಲ್ಟುಗಳೇ ಇಲ್ಲವೆಂದಲ್ಲ. ತಪಾಸಣೆಗೆ ಬಂದವರಿಗೆ ತೋರಿಸಲು ಮೂರು ಬೆಲ್ಟು ಪ್ಲಾಸ್ಟಿಕ್ ಕವರಿನ ಸಮೇತ ಗೋಡೆಯ ಮೊಳೆಗೆ ನೇತಾಡುತ್ತಿವೆ. ಇಷ್ಟಾದರೂ ಅಲ್ಲಿ ಯಾರೂ ಬಿದ್ದದ್ದೇ ಇಲ್ಲ! ಒಬ್ಬ ಬಚ್ಚಲಲ್ಲಿ ಬಿದ್ದ, ಒಬ್ಬ ಬೈಕಿನಿಂದ, ಒಬ್ಬ ಮೆಟ್ಟಿಲಿನಿಂದ. ಎಂಥ ಪುಣ್ಯದ ಜಾಗ ನೋಡಿ. ಸುಳ್ಳೊಂದು ಕಾವಲಿಗಿದ್ದರೆ ಎಂಥ ಕೆಟ್ಟ ರೂಢಿಯೂ ನೂರು ವರ್ಷ ಬಾಳುತ್ತದೆ.

ಮಧ್ಯಾಹ್ನ ನಡುತೊಲೆಯ ಲೈಟೊಂದು ಕೆಟ್ಟಿತು. ಸಂಜೆಗೆ ನಾಟಕವಿತ್ತು. ದೊಡ್ಡಪ್ಪ ಬುಗುರಿಗೆ ಏಣಿ ತೋರಿಸಿದ. ಅವಳು ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಕವರು ಹರಿದು, ಬೆಲ್ಟು ಕಟ್ಟಿಕೊಂಡಳು. ಸುತ್ತಲಿದ್ದವರ ಕೈಗಳೆಲ್ಲ ನಿಂತವು.

"ಬಿಚ್ಚು ಅದನ್ನ. ಮೂವತ್ತು ವರ್ಷ ಬರಿಗೈಲಿ ಹತ್ತಿದೀನಿ, ನನಗೇನಾಗಿದೆ?" ಎಂದ ದೊಡ್ಡಪ್ಪ.

"ನಿಮಗೇನೂ ಆಗಿಲ್ಲ ದೊಡ್ಡಪ್ಪ. ಆದವರು ಆ ಮೂಲೇಲಿ ಕೂತಿದಾರೆ."

"ಅವನು ಬಿದ್ದಿದ್ದು ಮನೇಲಿ."

ಬುಗುರಿಯ ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ. ನಾಲಿಗೆ ತುದಿಗೆ ಬಂದ ಮಾತನ್ನು, ಅಮ್ಮನ ಮುಖ ನೆನಪಾಗಿ, ನುಂಗಿಕೊಂಡಳು. ಬೆಲ್ಟಿಲ್ಲದೆ ಹತ್ತುವುದಿಲ್ಲ ಎಂದಷ್ಟೇ ಹೇಳಿದಳು. ಹಾಗಾದರೆ ಮನೆಗೆ ನಡಿ ಎಂದು ದೊಡ್ಡಪ್ಪ ಬಾಗಿಲು ತೋರಿಸಿದ.

ಮೂಲೆಯಲ್ಲಿ ಸೂಜಿ ನಿಂತಿತು. ಅಪ್ಪ ಗೋಡೆ ಹಿಡಿದು ಎದ್ದ. ಏಳುವುದಕ್ಕೇ ಅವನಿಗೆ ಹೊತ್ತು ಹಿಡಿಯಿತು, ಕುಂಟುತ್ತಾ ಬರಲು ಇನ್ನಷ್ಟು. ಬಂದವನೇ ಮಗಳ ಬೆಲ್ಟಿನ ಪಟ್ಟಿ ಹಿಡಿದು ಬಿಗಿಯಾಗಿ ಎಳೆದ.

"ನೀನು ಹೋಗಿ ಕೂತ್ಕೋ," ಎಂದ ದೊಡ್ಡಪ್ಪ. "ಕೆಲಸ ಬೇಕೋ ಬೇಡ್ವೋ?"

"ನಮ್ಮನೇಲಿ ಮೆಟ್ಟಿಲೇ ಇಲ್ಲ ಅಣ್ಣ." ಅಪ್ಪ ಕಾಲ ಬೆರಳಿಂದ ವೇದಿಕೆಯ ಹಲಗೆಯೊಂದನ್ನು ತಟ್ಟಿದ. "ನಾನು ಬಿದ್ದಿದ್ದು ಇಲ್ಲಿ. ನೀನೇ ಎತ್ಕೊಂಡು ಹೋದೆ. ದಾರೀಲಿ ಅಳ್ತಾ ಇದ್ದೆ ನೀನು."

ದೊಡ್ಡಪ್ಪ ಆ ಹಲಗೆಯನ್ನೇ ನೋಡುತ್ತಾ ನಿಂತ. ಬುಗುರಿ ಏಣಿ ಹತ್ತಿದಳು, ಎರಡು ಮೆಟ್ಟಿಗೊಮ್ಮೆ ಕೊಕ್ಕೆ ಸಿಕ್ಕಿಸುತ್ತಾ.

ಕೆಳಗೆ ಸೊಟ್ಟಗೈಯ ಬಡಗಿ ಗೋಡೆಯ ಕಡೆ ನಡೆದ. ಆರು ವರ್ಷದಿಂದ ಬೈಕಿನಿಂದ ಬಿದ್ದವನೆಂದೇ ಹೆಸರಾದವನು ಅವನು.

"ನನಗೆ ಬೈಕ್ ಓಡ್ಸಕ್ಕೇ ಬರಲ್ಲ," ಎಂದು ಎರಡನೆಯ ಕವರು ಹರಿದ.