ಮಾದರಿ ರೋಗಿ

ಪುಸ್ತಕದಲ್ಲಿ ಹದಿನೇಳನೆಯ ತಾರೀಖಿಗೆ ಬಂದಾಗ ಮೇಷ್ಟರು ನೀಲಿ ಪೆನ್ನು ಬಿಟ್ಟು ಕಪ್ಪು ಪೆನ್ನು ತೆಗೆದರು. ಎಲ್ಲ ಒಂದೇ ಶಾಯಿಯಲ್ಲಿದ್ದರೆ ನರ್ಸಿಗೆ ಅನುಮಾನ ಬರಬಹುದು. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವರು; ಸುಳ್ಳಿಗೂ ಒಂದು ಶಿಸ್ತು ಬೇಕೆಂದು ಬಲ್ಲರು.

ತೂಕ ಅರವತ್ತೆಂಟು. ಮರುದಿನ ಅರವತ್ತೆಂಟೂವರೆ. ನೀರು ಒಂದೂವರೆ ಲೀಟರ್. ಉಪ್ಪು ಇಲ್ಲವೇ ಇಲ್ಲ. ಹೃದಯ ಸೋತ ರೋಗಿಗಳು ದಿನಾ ಬೆಳಿಗ್ಗೆ ತುಂಬಬೇಕಾದ ಪುಸ್ತಕವನ್ನು ಅವರು ತಿಂಗಳಿಗೊಮ್ಮೆ ಆಸ್ಪತ್ರೆಯ ಬೆಂಚಿನ ಮೇಲೆ ತುಂಬುತ್ತಿದ್ದರು.

"ಮುಂದಿನ ತಿಂಗಳದ್ದೂ ಬರ್ದುಬಿಡಿ ಸಾರ್, ಕೆಲ್ಸ ಮುಗೀತು."

ಪಕ್ಕದಲ್ಲಿ ಕೂತ ಬಸ್ ಡ್ರೈವರ್ ಆಗಲೇ ಎಲ್ಲ ನೋಡಿದ್ದ. ಮೇಷ್ಟರು ಪುಸ್ತಕ ಮುಚ್ಚಿದರು.

"ನಿಮ್ದು ಯಾರು ಬರೀತಾರೆ?"

"ನಮ್ಮನೆಯವಳು. ಉಪ್ಪಿನ ಡಬ್ಬಿ ಬಚ್ಚಿಡೋದೂ ಅವಳೇ. ನಿನ್ನೆ ಎಲ್ಲಿತ್ತು ಹೇಳಿ? ಹೊಲಿಗೆ ಮಿಷಿನ್ ಒಳಗೆ!"

ಡ್ರೈವರ್ ನಕ್ಕ; ಉಸಿರು ಸಾಲದೆ ನಿಲ್ಲಿಸಿದ; ಮತ್ತೆ ನಕ್ಕ. ಮೇಷ್ಟರಿಗೂ ನಗು ಬಂತು. ಅವರ ಮನೆಯಲ್ಲಿ ಉಪ್ಪು ಮೇಜಿನ ಮೇಲೆಯೇ ಇರುತ್ತದೆ. ಬಚ್ಚಿಡುವವರಿಲ್ಲ.

ಬೇರೆ ಊರಿನಲ್ಲಿರುವ ಮಗಳು ದಿನಾ ಏಳಕ್ಕೆ ಫೋನು ಮಾಡುತ್ತಾಳೆ. "ಅಪ್ಪಾ, ತೂಕ?" "ಅರವತ್ತೆಂಟು." "ಗುಡ್." ಅಷ್ಟೇ. ಇನ್ನೆರಡು ಮಾತಿನ ಆಸೆಗೆ ಬಿದ್ದು ಒಮ್ಮೆ ಎಪ್ಪತ್ತೊಂದು ಎಂದಿದ್ದರು. ಮಗಳು ಮುಕ್ಕಾಲು ಗಂಟೆ ಮಾತಾಡಿದಳು, ಡಾಕ್ಟರ ಜೊತೆ.

ನರ್ಸ್ ಬಂದು ಪುಸ್ತಕ ತಿರುವಿದಳು. ಅವಳ ಮುಖ ಅರಳಿತು. "ನೋಡ್ರೀ ಎಲ್ರೂ, ಹೀಗಿರ್ಬೇಕು! ಸರ್, ಈ ಡ್ರೈವರಣ್ಣಂಗೂ ಸ್ವಲ್ಪ ಹೇಳ್ಕೊಡಿ."

"ಇವತ್ತಿಂದ ಇವ್ರೇ ನನ್ ಗುರುಗಳು ಸಿಸ್ಟರ್," ಎಂದು ಡ್ರೈವರ್ ಗಂಭೀರವಾಗಿ ಕೈಮುಗಿದ.

ನಿಜ ಮೇಷ್ಟರ ನಾಲಿಗೆಯ ತುದಿಗೆ ಬಂತು. "ಸಿಸ್ಟರ್..."

"ಹೇಳಿ ಸರ್."

"ಏನಿಲ್ಲ. ಫ್ಯಾನು ಚೆನ್ನಾಗಿ ತಿರುಗ್ತಿದೆ."

ಅವಳು ಹೋದಳು. ಇಬ್ಬರೂ ಮಕ್ಕಳ ಹಾಗೆ ಕಿಸಕ್ಕನೆ ನಕ್ಕರು.

"ಸಾರ್, ಚಪ್ಪಲಿ ಯಾಕೆ ಬಿಚ್ಚಿದೀರಿ?"

"ಹಿಡೀತಿದೆ."

ಡ್ರೈವರ್ ಬಗ್ಗಿ, ಟೈರು ನೋಡುವವನ ಹಾಗೆ, ಮೇಷ್ಟರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದ. "ನಮ್ಮನೆಯವಳು ದಿನಾ ಹೀಗೇ ನೋಡ್ತಾಳೆ, ನೀರು ನಿಂತಿದ್ಯಾ ಅಂತ." ಬೆರಳು ತೆಗೆದ. ಅಲ್ಲೊಂದು ಗುಳಿ ಉಳಿಯಿತು. ಅವನ ನಗು ನಿಂತಿತು.

"ತುಂಬ್ಕೊಳ್ಳುತ್ತೆ ಬಿಡಿ," ಎಂದ.

ಒಳಗಿಂದ ಮೇಷ್ಟರ ಸರದಿ ಕೂಗಿದರು. ಅವರು ಏಳಲಿಲ್ಲ. ಯಾರಾದರೂ ತಮ್ಮನ್ನು ಮುಟ್ಟಿ ಎಷ್ಟು ಕಾಲವಾಗಿತ್ತು ಎಂಬ ಲೆಕ್ಕ ಸಿಗಲಿಲ್ಲ. ಮತ್ತೊಬ್ಬನ ಹೆಬ್ಬೆರಳಿನ ಆ ಗುರುತು, ನೆರಳು ತುಂಬಿಕೊಂಡು, ತಮ್ಮ ಕಾಲಿನಲ್ಲಿ ಹಾಗೆಯೇ ತೆರೆದಿರುವುದನ್ನು ಅವರು ಒಂದು ಬಗೆಯ ಸಂತೋಷದಿಂದ ನೋಡುತ್ತ ಕೂತರು.