ಬೂಟಿನ ಮೂತಿಯ ತೂತು

ಸೇತುವೆಯ ಮೆಟ್ಟಿಲ ಬುಡದಲ್ಲಿ ಹಾಸಿದ ಒಂದು ಗೋಣಿತಾಟು, ಅದೇ ತಾತನ ಅಂಗಡಿ. ಇಪ್ಪತ್ತು ವರ್ಷದಿಂದ ಅಲ್ಲೇ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮಡಚಿ ಮಡಚಿ ಮಂಡಿಗಳು ನೆಟ್ಟಗಾಗುವುದನ್ನೇ ಮರೆತಿದ್ದವು. ಬಂದವರು ಚಪ್ಪಲಿ ಬಿಸಾಕಿ, "ಬೇಗ ಆಗ್ಲಿ" ಎನ್ನುತ್ತಿದ್ದರು. ಅವನ ಮುಖ ನೋಡಿದವರು ಕಡಿಮೆ.

ಆ ಸಾಹೇಬ ಮಾತ್ರ ಹಾಗಲ್ಲ. ಎದುರಿನ ದೊಡ್ಡ ಕಚೇರಿಯ ಅಧಿಕಾರಿ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಯಜಮಾನ್ರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕಲ್ಲ" ಅಂದ.

ಯಜಮಾನ್ರೇ! ಹೆಂಡತಿ ಬದುಕಿದ್ದಾಗ ಅವಳೂ ಹಾಗೆ ಕರೆದಿರಲಿಲ್ಲ. ತಾತ ಉಬ್ಬಿಹೋದ.

ಬಲಗಾಲಿನ ಬೂಟಿನ ಮೂತಿಗೆ ಮೆಣಸಿನ ಕಾಳಿನಷ್ಟು ತೂತು ಹಾಕಬೇಕು. ಒಳಗೆ, ಬೆರಳ ಮುಂದೆ, ಒಂದು ಪುಟ್ಟ ಚೀಲ ಹೊಲಿಯಬೇಕು.

"ಕಾಲು ಬೆವರುತ್ತೆ. ಗಾಳಿಯಾಡ್ಲಿ ಅಂತ."

"ಒಂದೇ ತೂತಲ್ಲಿ ಎಂಥ ಗಾಳಿ ಸಾರ್? ಚೀಲ ಯಾಕೆ?"

"ಔಷಧಿ ಇಡೋಕೆ. ಡಾಕ್ಟರು ಹೇಳಿದ್ದಾರೆ."

ತಾತನಿಗೆ ಮಾತು ಅರಗಲಿಲ್ಲ. ಆದರೂ ದಬ್ಬಳ ಕೈಗೆತ್ತಿಕೊಂಡ. ಅಂಚು ಕಿತ್ತುಬರದ ಹಾಗೆ, ದಾರಕ್ಕೆ ಮೇಣ ಉಜ್ಜಿ, ಸುತ್ತಲೂ ಹೊಲಿದ. ಅಂಥ ನಾಜೂಕು ಕೆಲಸ ಮಾಡಿ ಎಷ್ಟೋ ದಿನವಾಗಿತ್ತು.

ತಿಂಗಳಾಗಿರಬಹುದು. ಪಕ್ಕದಲ್ಲಿ ಟೀ ಮಾರುವ ಅಕ್ಕನ ಹತ್ತಿರ ಬಟ್ಟೆ ಅಂಗಡಿಯ ಹುಡುಗಿ ಬಂದು ಕೂತಳು. ದಿನಾ ಇದೇ ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋಗುವವಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು.

"ನನ್ನ ಫೋಟೋ ಅಕ್ಕ. ಲಂಗದ ಕೆಳಗಿಂದ ತೆಗೆದಿದ್ದಾರೆ. ಕೈಯಿಂದ ಕೈಗೆ ದಾಟಿ ಅಂಗಡಿ ಗಂಡಸರ ಫೋನಲ್ಲೆಲ್ಲ ಇದೆ. ಲೆಕ್ಕ ಬರೆಯೋನು ನನ್ನ ನೋಡಿ ನಗ್ತಾನೆ."

"ಎಲ್ಲಿ ತೆಗೆದಿದ್ದು?"

"ಇಲ್ಲೇ. ಮೆಟ್ಟಿಲಿನ ಇದೇ ಹಳದಿ ಕಂಬಿ ಕಾಣಿಸುತ್ತೆ. ನೆಲದ ಮಟ್ಟದಿಂದ ತೆಗೆದಿರೋದು." ಅವಳು ತಾತನ ಕಡೆ ತಿರುಗಿದಳು. "ನೆಲದಲ್ಲಿ ಕೂರೋದು ನೀವೊಬ್ರೇ ಅಲ್ವಾ ತಾತ?"

"ಅವನ ಹತ್ರ ಫೋನೇ ಇಲ್ವಲ್ಲೇ" ಅಂದಳು ಟೀ ಅಕ್ಕ.

ನಾನಲ್ಲ ತಾಯಿ ಅನ್ನಲು ತಾತ ಬಾಯಿ ತೆರೆದ. ನೆಲದ ಮಟ್ಟ, ಬೂಟಿನ ಮೂತಿ, ಒಳಗಿನ ಚೀಲ ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ತೆರೆದ ಬಾಯಿ ಮುಚ್ಚಿ ದಬ್ಬಳಕ್ಕೆ ಕೈ ಹಾಕಿದ. ಅದನ್ನು ನೋಡಿ ಹುಡುಗಿ ಎದ್ದು ಹೋದಳು. ಮರುದಿನದಿಂದ ಸುತ್ತು ಬಳಸಿನ ದಾರಿ ಹಿಡಿದಳು. ತಾತನಿಗೆ ಅನ್ನ ಸೇರದಾಯಿತು.

ನಾಲ್ಕನೇ ದಿನ ಸಾಹೇಬನೇ ಬಂದ. "ಹೊಲಿಗೆ ಸ್ವಲ್ಪ ಬಿಟ್ಟಿದೆ ಯಜಮಾನ್ರೇ." ಬೂಟು ಕಳಚಿ, ಚೀಲದೊಳಗಿದ್ದದ್ದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಲು ಹೋದ. ತಾತ ಅದಕ್ಕೆ ಮೊದಲೇ ಬೂಟು ಕಿತ್ತುಕೊಂಡು ಒಳಗೆ ಬೆರಳು ತೂರಿಸಿದ. ತಣ್ಣನೆಯ ಗಾಜು. ಉಗುರಿನಷ್ಟು ಚಿಕ್ಕ ಕ್ಯಾಮೆರಾ.

"ಇದಾ ನಿಮ್ಮ ಔಷಧಿ?"

"ಕೊಡೋ ಇಲ್ಲಿ" ಅಂದ ಸಾಹೇಬ. ಯಜಮಾನಿಕೆ ಅಲ್ಲಿಗೆ ಮುಗಿಯಿತು.

ತಾತ ಬೂಟನ್ನು ಎದೆಗೆ ಅವಚಿಕೊಂಡ. "ಕಳ್ಳ, ಬೂಟು ಕದ್ದ" ಎಂದು ಸಾಹೇಬ ಕೂಗಿದ. ಜನ ಸೇರಿದರು, ಪೊಲೀಸಿನವನೂ ಬಂದ. ಗುರುತಿನ ಚೀಟಿ ನೋಡಿ ಸಾಹೇಬನಿಗೆ ಸಲಾಮು ಹೊಡೆದ. "ನೀವು ಬಿಡುವಾದಾಗ ಠಾಣೆಗೆ ಬನ್ನಿ ಸಾರ್" ಅಂದ. ತಾತನ ಕೊರಳಪಟ್ಟಿಗೆ ಕೈ ಹಾಕಿದ.

ಠಾಣೆಯ ಬಾಗಿಲಲ್ಲಿ ತಾತನನ್ನು ನೆಲಕ್ಕೆ ಕೂರಿಸಿದರು. ಬೂಟು, ಒಳಗಿನ ಕ್ಯಾಮೆರಾ ಸಮೇತ, ಮೇಜಿನ ಮೇಲಿತ್ತು. ದೂರು ಬರೆಯುವ ಪೇದೆ ಕಾಗದ ಮುಂದೆ ಚಾಚಿದ. "ಬೂಟು ಕದ್ದೆ ಅಂತಿದೆ. ಹೆಬ್ಬೆಟ್ಟು ಒತ್ತು. ಬೈದು ಬಿಟ್ಟುಬಿಡ್ತೀವಿ."

"ತೂತು ಹಾಕಿದ್ದು ನಾನು. ಅದನ್ನ ಬರೀರಿ. ಯಾರು ಹಾಕಿಸಿದ್ದು ಅಂತಲೂ ಬರೀರಿ."

"ಅದೆಲ್ಲ ನಿನಗ್ಯಾಕೆ ಮುದುಕಪ್ಪ?"

ತಾತ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಅಷ್ಟರಲ್ಲಿ, ಎಲ್ಲವನ್ನೂ ಪಕ್ಕದಿಂದ ನೋಡಿದ್ದ ಟೀ ಅಕ್ಕ ಹುಡುಗಿಗೆ ವಿಷಯ ಹೇಳಿ ಕರೆತಂದಳು. ಬಟ್ಟೆ ಅಂಗಡಿಯ ಇನ್ನೂ ಆರೇಳು ಹೆಂಗಸರು ಜೊತೆಗಿದ್ದರು. ಹುಡುಗಿ ತಾತನ ಎದುರು ನಿಂತಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ತಾಯಿ." ತಾತ ಮೇಜಿನ ಮೇಲಿನ ಬೂಟು ನೋಡಿದ. "ಅನುಮಾನ ಇತ್ತು. ಸಾಹೇಬ ಮರ್ಯಾದೆ ಕೊಟ್ಟು ಮಾತಾಡಿಸ್ದ. ಸುಮ್ಮನಾಗ್ಬಿಟ್ಟೆ. ನೀನು ಕೇಳಿದ ದಿನವೂ ಹೇಳ್ಲಿಲ್ಲ."

ಹುಡುಗಿ ಪರವಾಗಿಲ್ಲ ಅನ್ನಲಿಲ್ಲ. ಬರೆಯುವವನ ಎದುರಿನ ಕುರ್ಚಿ ಎಳೆದು ಕೂತಳು.

"ದೂರು ನನ್ನದು. ಸಾಕ್ಷಿ ಈ ತಾತ. ಈಗ ಹೇಳಿದ್ದನ್ನ ಒಂದಕ್ಷರ ಬಿಡದೆ ಬರ್ಕೊಳ್ಳಿ. ಸುಮ್ಮನಿದ್ದೆ ಅಂದ್ರಲ್ಲ, ಅದನ್ನೂ."

"ಹೂಂ" ಅಂದ ತಾತ. "ಅದನ್ನ ಮೊದಲು ಬರೀರಿ."

ಬರೆಯುವವನು ಒಂದಕ್ಷರವೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದ. ಬರೆಯುವ ತನಕ ಏಳೋದಿಲ್ಲ ಎಂಬಂತೆ ಹೆಂಗಸರು ಒಬ್ಬೊಬ್ಬರಾಗಿ ಠಾಣೆಯ ನೆಲದ ಮೇಲೆ ಕೂತರು.